ಅಲ್ಪ ಅನುದಾನದಲ್ಲಿ ಗ್ರಾಮ ಪಂಚಾಯಿತಿ ಸೌಲಭ್ಯಗಳ ಸುಧಾರಣೆ

ಮುಂಗಾರಿಗೆ ಮುನ್ನ ಬೀಜ, ಗೊಬ್ಬರ, ಆಳಿನ ಕೂಲಿಯ ಖರ್ಚನ್ನು ಲೆಕ್ಕ ಹಾಕದ ಬೇಸಾಯಗಾರನಿಲ್ಲ. ಕೈಯಲ್ಲಿರುವ ಹಣ ಎಷ್ಟು, ಯಾವ ಹೊಲಕ್ಕೆ ಏನು ಹಾಕಿದರೆ ಫಲ ಬಂದೀತು ಎಂಬುದನ್ನು ನೀವು ಮನೆಯ ಜಗಲಿಯ ಮೇಲೆ ಕುಳಿತೇ ತೀರ್ಮಾನಿಸುತ್ತೀರಿ. ಆದರೆ ಗ್ರಾಮಸಭೆಗೆ ಹೋಗುವಾಗ ಈ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಸಾಮಾನ್ಯ. ನಮ್ಮ ಬೀದಿಗೊಂದು ಕಾಂಕ್ರೀಟ್ ರಸ್ತೆ, ಇನ್ನೊಂದು ಬೋರು, ನಾಲ್ಕು ದೀಪ ಎಂದು ಬರೆಸಿ ಎದ್ದು ಬರುತ್ತೇವೆ. ಹಿಂದಿನ ವರ್ಷ ಹಾಕಿದ ದೀಪ ಉರಿಯುತ್ತಿದೆಯೇ, ಹಿಂದಿನ ಬೋರಿನ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವವರು ಕಡಿಮೆ.

ಬೇಸಾಯ ಶಾಸ್ತ್ರದವರಿಗೆ ಪಂಚಾಯಿತಿಯ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕೊಟ್ಟಿಗೆಯ ದನ ಕುಡಿಯುವುದು ಬಹುಪಾಲು ಪಂಚಾಯಿತಿ ನಲ್ಲಿಯ ನೀರನ್ನೇ. ಟೊಮೆಟೊ ಬುಟ್ಟಿ ಮಾರುಕಟ್ಟೆಗೆ ಹೊರಡುವುದು ಪಂಚಾಯಿತಿಯ ದಾರಿಯಲ್ಲೇ. ಊರ ಚರಂಡಿಯ ಕೊಳೆ ಕೊನೆಗೆ ನಿಲ್ಲುವುದು ಊರಂಚಿನ ಯಾರದೋ ಹೊಲದಲ್ಲಿ. ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ಎರಡು ಗಂಟೆ ನಿಂತರೆ ಅಷ್ಟು ಹೊತ್ತಿನ ಹೊಲದ ಕೆಲಸವೂ ನಿಂತಂತೆಯೇ. ಆದುದರಿಂದ ಈ ವಿಷಯ ಈ ಪತ್ರಿಕೆಗೆ ಹೊರತಾದುದಲ್ಲ.

ಹಣ ಬರುವ ದಾರಿ

1993ರ ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮವು ಕುಡಿಯುವ ನೀರು, ಚರಂಡಿ, ಬೀದಿ ದೀಪ, ಊರೊಳಗಿನ ರಸ್ತೆ ಇವುಗಳನ್ನು ಗ್ರಾಮ ಪಂಚಾಯಿತಿಯ ಹೊಣೆಗೆ ಒಪ್ಪಿಸಿದೆ. ಹಣ ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ನೀವು ಕಟ್ಟುವ ಮನೆಗಂದಾಯ ಮತ್ತು ನೀರಿನ ಕರ, ಕೇಂದ್ರ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ, ರಾಜ್ಯದ ಅನುದಾನ ಮತ್ತು ಯೋಜನೆಗಳ ಹಣ. ಇದರಲ್ಲಿ ಎಲ್ಲವನ್ನೂ ಮನಬಂದಂತೆ ಖರ್ಚು ಮಾಡಲಾಗದು. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ತನ್ನ ಅನುದಾನದಲ್ಲಿ ಶೇಕಡಾ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಉಳಿದ 40 ಭಾಗವನ್ನು ಊರಿನ ಅಗತ್ಯದಂತೆ ಬಳಸಬಹುದಿತ್ತು, ಆದರೆ ಅದರಿಂದ ಸಂಬಳ ಕೊಡುವಂತಿರಲಿಲ್ಲ. ಆಯೋಗ ಬದಲಾದಂತೆ ಈ ಪಾಲೂ ಬದಲಾಗುತ್ತದೆ. ಈ ವರ್ಷ ನಿಮ್ಮ ಪಂಚಾಯಿತಿಗೆ ಬಂದ ಹಣದಲ್ಲಿ ನಿರ್ಬಂಧಿತ ಎಷ್ಟು, ಅನಿರ್ಬಂಧಿತ ಎಷ್ಟು ಎಂದು ಅಭಿವೃದ್ಧಿ ಅಧಿಕಾರಿಯವರನ್ನು ಮೊದಲೇ ಕೇಳಿ ತಿಳಿಯಿರಿ. ನೀರಿಗೆಂದು ಬಂದ ಹಣದಲ್ಲಿ ರಸ್ತೆ ಕೇಳಿ ಜಗಳ ಮಾಡುವುದರಿಂದ ಫಲವಿಲ್ಲ.

ಇದ್ದ ಹಣವನ್ನು ವ್ಯರ್ಥ ಮಾಡುವ ದೊಡ್ಡ ದಾರಿಯೊಂದಿದೆ. ಬಂದ ಮೊತ್ತವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ತಲೆಗೆ ಇಷ್ಟು ಎಂದು ಹಂಚಿಕೊಳ್ಳುವ ರೂಢಿ ಅದು. ಲೆಕ್ಕಕ್ಕಾಗಿ 6 ಲಕ್ಷ ರೂಪಾಯಿ ಮತ್ತು 15 ಸದಸ್ಯರು ಎಂದಿಟ್ಟುಕೊಳ್ಳಿ. ಒಬ್ಬರಿಗೆ 40 ಸಾವಿರ. 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆಗೆ ಉದ್ದದ ಪ್ರತಿ ಮೀಟರಿಗೂ ಅರ್ಧ ಘನ ಮೀಟರಿನಷ್ಟು ಕಾಂಕ್ರೀಟು ಬೇಕು. ಹೀಗಾಗಿ ಆ 40 ಸಾವಿರದ ರಸ್ತೆ ಎರಡು ಮೂರು ಮನೆಗಳ ಮುಂಭಾಗ ದಾಟುವುದಿಲ್ಲ. 45 ಕಿಲೋದ ಒಂದು ಚೀಲ ಯೂರಿಯವನ್ನು 15 ಎಕರೆಗೆ ಎರಚಿದರೆ ಎಕರೆಗೆ ಒಂದೂವರೆ ಕಿಲೋ ಸಾರಜನಕವೂ ಬೀಳದು. ಮಳೆಯಾಶ್ರಿತ ರಾಗಿಗೇ ಎಕರೆಗೆ 20 ಕಿಲೋ ಬೇಕು. ಹೊಲದಲ್ಲಿ ಹೀಗೆ ಮಾಡಿದವನನ್ನು ನೀವು ನಕ್ಕು ಬಿಡುತ್ತೀರಿ, ಪಂಚಾಯಿತಿಯಲ್ಲಿ ಮಾಡಿದರೆ ಸಮಪಾಲು ಎನ್ನುತ್ತೀರಿ.

ಇದಕ್ಕೆ ಪರಿಹಾರ ಸರದಿ. ಪಂಚಾಯಿತಿಯ ಅವಧಿ ಐದು ವರ್ಷ. ಮೊದಲ ವರ್ಷ ಯಾವ ಊರಿನ ಯಾವ ಕೆಲಸವನ್ನು ಪೂರ್ತಿ ಮುಗಿಸುವುದು, ಎರಡನೆಯ ವರ್ಷ ಯಾವುದು ಎಂದು ಒಂದೇ ಸಭೆಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರಹದಲ್ಲಿಲ್ಲದ ಸರದಿಯನ್ನು ಯಾರೂ ನಂಬುವುದಿಲ್ಲ, ನಂಬದಿದ್ದರೆ ಮತ್ತೆ ಹಂಚಿಕೆಗೇ ಬಂದು ನಿಲ್ಲುತ್ತೇವೆ.

ಹೊಸದೆಲ್ಲವೂ ಖರ್ಚಿನ ಬಾಬತ್ತು

1980ರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಹಳ್ಳಿಹಳ್ಳಿಗೂ ಬೋರು ಕೊರೆಸಿ ಕುಡಿಯುವ ನೀರು ಒದಗಿಸಿದ್ದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಅಂದಿನ ಕೈಪಂಪಿಗೆ ಕರೆಂಟ್ ಬೇಕಿರಲಿಲ್ಲ. ಆಗಾಗ ವಾಷರ್, ಸರಪಣಿ ಬದಲಿಸಿದರೆ ಸಾಕಿತ್ತು. ಆಮೇಲೆ ಮೋಟರು ಬಂತು, ಸಿಸ್ಟರ್ನ್ ಬಂತು, ಓವರ್‌ಹೆಡ್ ಟ್ಯಾಂಕ್ ಬಂತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಮನೆ ಬಾಗಿಲಿಗೆ ನಲ್ಲಿ ತಂದಿತು. ತಲೆಯ ಮೇಲೆ ಕೊಡ ಹೊರುವುದು ತಪ್ಪಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಪ್ರತಿ ಹೆಜ್ಜೆಗೂ ಕರೆಂಟ್ ಬಿಲ್ಲು, ರಿಪೇರಿ, ನೀರು ಬಿಡುವ ಆಳಿನ ಸಂಬಳ ಬೆಳೆಯುತ್ತಲೇ ಹೋಗಿವೆ. ಕಟ್ಟುವ ಹಣ ಒಂದು ಸಲ ಹೊರಗಿನಿಂದ ಬರುತ್ತದೆ. ನಡೆಸುವ ಹಣ ಮಾತ್ರ ಪ್ರತಿ ತಿಂಗಳೂ ಪಂಚಾಯಿತಿಯೇ ಹೊಂದಿಸಬೇಕು. ಹೊಸ ಕೆಲಸ ಕೇಳುವಾಗ, ಕಟ್ಟಿದ ಮೇಲೆ ಇದಕ್ಕೆ ತಿಂಗಳಿಗೆ ಎಷ್ಟು ಬೇಕು, ಅದನ್ನು ಯಾರು ಕೊಡುತ್ತಾರೆ ಎಂದೂ ಕೇಳಿ.

ನೀರು: ಅಳೆಯದೆ ಬೋರು ಕೊರೆಸಬೇಡಿ

ಬೇಸಿಗೆಯಲ್ಲಿ ನಲ್ಲಿ ಒಣಗಿದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಹೊಸ ಬೋರಿನ ಮಾತು. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ನಾವು ಹೇಳುತ್ತಾ ಬಂದಿದ್ದೇವೆ. ಹಾಗೆಯೇ, ಇರುವ ನೀರನ್ನು ಅಳೆಯದೆ ಹೊಸ ಬೋರಿಗೆ ಹಣ ಹಾಕಬಾರದು. ಅಳೆಯಲು ಎಂಜಿನಿಯರ್ ಬೇಕಾಗಿಲ್ಲ. 200 ಲೀಟರಿನ ಒಂದು ಡ್ರಮ್ಮು, ಸೆಕೆಂಡ್ ಮುಳ್ಳಿರುವ ಒಂದು ಗಡಿಯಾರ ಸಾಕು. ಬೋರಿನ ಬಾಯಿಯ ಹತ್ತಿರ ಪೈಪ್ ಬಿಚ್ಚಿ, ಮೋಟರು ಅರ್ಧ ಗಂಟೆ ಓಡಿದ ನಂತರ ಡ್ರಮ್ಮು ತುಂಬಲು ಹಿಡಿಯುವ ಸಮಯವನ್ನು ನೋಡಿರಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 12,000 ಲೀಟರ್ ನೀರು ಬರುತ್ತಿದೆ ಎಂದರ್ಥ.

ಈಗ ಬೇಕಾದ ನೀರಿನ ಲೆಕ್ಕ. ಜಲ ಜೀವನ್ ಮಿಷನ್ನಿನ ಅಳತೆ ತಲೆಗೆ ದಿನಕ್ಕೆ 55 ಲೀಟರ್. ಸಾವಿರ ಜನರ ಊರಿಗೆ 55,000 ಲೀಟರ್ ಆಯಿತು. ಇದು ಜನರ ಲೆಕ್ಕವಷ್ಟೆ. ದನಗಳದ್ದನ್ನು ನೀವೇ ಸೇರಿಸಬೇಕು. ದೊಡ್ಡ ದನಕ್ಕೆ ದಿನಕ್ಕೆ 50 ಲೀಟರ್ ಎಂದು ಹಿಡಿಯಬಹುದು. ಹಾಲು ಕೊಡುವ ಮಿಶ್ರತಳಿ ಹಸು ಬೇಸಿಗೆಯಲ್ಲಿ ಇದಕ್ಕೂ ಹೆಚ್ಚು ಕುಡಿಯುತ್ತದೆ. 200 ದನಗಳಿಗೆ 10,000 ಲೀಟರ್. ಒಟ್ಟು 65,000 ಲೀಟರ್. ಗಂಟೆಗೆ 12,000 ಲೀಟರ್ ಕೊಡುವ ಬೋರು ಇಷ್ಟನ್ನು ಐದೂವರೆ ಗಂಟೆಯೊಳಗೆ ಒದಗಿಸುತ್ತದೆ.

ಆದರೆ ನೀರುಗಂಟಿಯನ್ನು ಕೇಳಿದಾಗ ದಿನಕ್ಕೆ ಎಂಟು ಗಂಟೆ ಮೋಟರು ಓಡಿಸುತ್ತೇನೆ ಎಂದರೆ? 96,000 ಲೀಟರ್ ಮೇಲೆ ಬಂದಿದೆ, 31,000 ಲೀಟರ್ ಎಲ್ಲೋ ಹೋಗಿದೆ. ಅದನ್ನು ಹುಡುಕಬೇಕಾದ ಜಾಗಗಳು ಹೆಚ್ಚಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ತುಂಬಿ ಚೆಲ್ಲುವ ಟ್ಯಾಂಕ್, ಗೇಟ್‌ವಾಲ್ವ್ ಗುಂಡಿ, ಪೈಪಿನ ಜೋಡಣೆ, ತಿರುಪು ಕಿತ್ತುಹೋದ ಬೀದಿ ನಲ್ಲಿ, ಮತ್ತು ಹೇಳಲು ಸಂಕೋಚವಾದರೂ ಹಿತ್ತಿಲ ತೋಟಕ್ಕೆ ನೇರವಾಗಿ ಜೋಡಿಸಿಕೊಂಡ ಪೈಪು. 15 ಲೀಟರಿನ ಕೊಡವನ್ನು ಐದು ನಿಮಿಷಕ್ಕೆ ತುಂಬುವಷ್ಟು ಸೋರುವ ಒಂದೇ ಜೋಡಣೆ, ನೀರು ಬಿಡುವ ಐದು ಗಂಟೆಯಲ್ಲಿ 900 ಲೀಟರ್ ಕಳೆಯುತ್ತದೆ. ಅದು 16 ಜನರ ದಿನದ ಪಾಲು.

ಇದರ ಜೊತೆಗೆ ಕರೆಂಟ್ ಖರ್ಚೂ ಇದೆ. ಏಳೂವರೆ ಅಶ್ವಶಕ್ತಿಯ ಮೋಟರು ಗಂಟೆಗೆ ಹೆಚ್ಚು ಕಡಿಮೆ 7 ಯೂನಿಟ್ ಎಳೆಯುತ್ತದೆ. ದಿನಕ್ಕೆ ಎರಡೂವರೆ ಗಂಟೆ ವೃಥಾ ಓಡಿದರೆ ವರ್ಷಕ್ಕೆ 6,000 ಯೂನಿಟ್ ಮೀರುತ್ತದೆ. ನಿಮ್ಮ ಪಂಚಾಯಿತಿಯ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ನೋಡಿ. ನಾಲ್ಕು ವಾಲ್ವ್ ಬದಲಿಸುವ ಖರ್ಚಿನೊಂದಿಗೆ ಅದನ್ನು ಹೋಲಿಸಿ.

ಡ್ರಮ್ ಪರೀಕ್ಷೆಯನ್ನು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಮಾಡಿ ಗೋಡೆಯ ಮೇಲೆ ಬರೆಯುತ್ತಾ ಹೋಗಬೇಕು. ಸಮಯ ಬದಲಾಗದೆ ನಲ್ಲಿ ಮಾತ್ರ ಒಣಗಿದ್ದರೆ ರೋಗವಿರುವುದು ಪೈಪಿನಲ್ಲಿ. ಒಂದು ನಿಮಿಷ ಹಿಡಿಯುತ್ತಿದ್ದುದು ಜನವರಿಗೆ ಒಂದೂವರೆ, ಮಾರ್ಚಿಗೆ ಎರಡು ನಿಮಿಷ ಎಂದಾದರೆ ಬೋರೇ ಬತ್ತುತ್ತಿದೆ. ಆಗ ಬೇರೆ ಮೂಲ ಹುಡುಕುವುದು ಅನಿವಾರ್ಯ, ಆದರೆ ಹೊಸ ಬೋರು ಕೊನೆಯ ದಾರಿಯಾಗಿರಲಿ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಗಟ್ಟಿ ಬಂಡೆಯ ನೆಲದಲ್ಲಿ ಆಳಕ್ಕೆ ಹೋದಂತೆ ನೀರು ಸಿಗುವ ಭರವಸೆ ಕಡಿಮೆ. ಸಿಕ್ಕಿದ ನೀರಿನಲ್ಲಿ ಫ್ಲೋರೈಡ್ ಇರುವ ಸಂಭವ ಹೆಚ್ಚು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5 ಮಿಲಿಗ್ರಾಂ ಮೀರಬಾರದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರು ಬೇಸಿಗೆಯಲ್ಲಿ ಎಷ್ಟೋ ಊರುಗಳು ಟ್ಯಾಂಕರಿಗೂ, ರೈತರ ಖಾಸಗಿ ಬೋರುಗಳ ಬಾಡಿಗೆ ನೀರಿಗೂ ಕಾಯಬೇಕಾಯಿತು. ಗೋಡೆಯ ಮೇಲಿನ ಬರಹ ಡಿಸೆಂಬರಿನಲ್ಲೇ ಇಳಿತ ತೋರಿಸಿದರೆ, ಆಗಲೇ ಹತ್ತಿರದ ರೈತರೊಡನೆ ಮಾತನಾಡಿ ದರ ಗೊತ್ತುಮಾಡಿಕೊಳ್ಳಬೇಕು. ಏಪ್ರಿಲಿನಲ್ಲಿ ಬೆಳೆ ಒಣಗುತ್ತಿರುವಾಗ ಹೋಗಿ ಕೇಳಿದರೆ ಕೊಡುವವರಿಗೂ ಕಷ್ಟ, ಕೇಳುವವರಿಗೂ ಕಷ್ಟ.

ತುದಿಯ ನಲ್ಲಿ

ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯಲ್ಲಿ ನೀರು ಕಡಿಮೆಯಾದಾಗ ಒಣಗುವುದು ತುದಿಯವನ ಗದ್ದೆ. ಊರಿನ ಪೈಪಿನಲ್ಲೂ ಅಷ್ಟೇ. ಹಣ ಕಡಿಮೆಯಾಯಿತು, ರಿಪೇರಿ ಮುಂದೆ ಹೋಯಿತು ಎಂದರೆ ಅದರ ಭಾರ ಎಲ್ಲ ಮನೆಗಳ ಮೇಲೆ ಸಮನಾಗಿ ಬೀಳುವುದಿಲ್ಲ. ಟ್ಯಾಂಕಿನಿಂದ ದೂರವಿರುವ, ಎತ್ತರದಲ್ಲಿರುವ ಮನೆಗಳ ಮೇಲೆ ಬೀಳುತ್ತದೆ. ನಮ್ಮ ಊರುಗಳಲ್ಲಿ ಆ ತುದಿಯಲ್ಲಿರುವುದು ಹಲವು ಕಡೆ ಪರಿಶಿಷ್ಟ ಜಾತಿಯವರ ಕಾಲೋನಿ, ಇಲ್ಲವೇ ಇತ್ತೀಚೆಗೆ ನಿವೇಶನ ಕೊಟ್ಟ ಬಡವರ ಬಡಾವಣೆ. ಟ್ಯಾಂಕಿನ ಬುಡದ ಮನೆಯವರಿಗೆ ನೀರಿನ ತೊಂದರೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಸಭೆಯಲ್ಲಿ ಮಾತನಾಡುವವರೂ ಹೆಚ್ಚಾಗಿ ಅವರೇ.

ಆದುದರಿಂದ ನೀರಿನ ವ್ಯವಸ್ಥೆ ಸರಿಯಿದೆಯೋ ಇಲ್ಲವೋ ಎಂಬುದನ್ನು ತುದಿಯ ನಲ್ಲಿಯಲ್ಲೇ ನೋಡಬೇಕು. ಅಲ್ಲಿ ಕೊಡ ಎಷ್ಟು ನಿಮಿಷಕ್ಕೆ ತುಂಬುತ್ತದೆ, ದಿನಕ್ಕೆ ಎಷ್ಟು ಹೊತ್ತು ನೀರು ಬರುತ್ತದೆ ಎಂದು ಬರೆದುಕೊಳ್ಳಿ. ಒತ್ತಡ ಸಾಲದಿದ್ದರೆ ಬೀದಿಗಳನ್ನು ಎರಡು ಭಾಗ ಮಾಡಿ ವಾಲ್ವ್ ಕೂರಿಸಿ ಪಾಳಿಯಂತೆ ನೀರು ಬಿಡಬಹುದು. ತುದಿಯ ಭಾಗಕ್ಕೆ ಮೊದಲ ಪಾಳಿ ಕೊಡಿ. ಇದರ ಖರ್ಚು ಹೊಸ ಟ್ಯಾಂಕಿನ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ.

ಸೋರುವ ಪೈಪಿನಿಂದ ಇನ್ನೊಂದು ಅಪಾಯವಿದೆ. ನೀರು ನಿಲ್ಲಿಸಿದಾಗ ಖಾಲಿಯಾದ ಪೈಪು ಹೊರಗಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಚರಂಡಿಯೊಳಗೇ ಪೈಪು ಹಾದುಹೋಗಿರುವ ಬೀದಿಗಳಲ್ಲಿ ವಾಂತಿಭೇದಿ, ಕಾಮಾಲೆ ಹರಡುವುದು ಹೀಗೆ. ಹಣ ಯಾವುದಕ್ಕೂ ಸಾಲದಿದ್ದರೂ ಚರಂಡಿಯೊಳಗಿನ ಜೋಡಣೆಗಳನ್ನು ಮೇಲೆತ್ತಿಸುವ ಕೆಲಸವನ್ನು ಮುಂದೂಡಬೇಡಿ. ಟ್ಯಾಂಕಿಗೆ ಪ್ರತಿ ಸಾವಿರ ಲೀಟರಿಗೆ ಎರಡೂವರೆಯಿಂದ ನಾಲ್ಕು ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಅಂದರೆ 50,000 ಲೀಟರಿಗೆ 125ರಿಂದ 200 ಗ್ರಾಂ ಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಅದನ್ನು ಹಾಕಿಯೂ ಹಾಕದಂತೆಯೇ. ನೀರು ಬಿಟ್ಟಾಗ ತುದಿಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು.

ನೀರುಗಂಟಿಯ ಬಗ್ಗೆ ಒಂದು ಮಾತು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಹೋಗುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ, ಅವರ ತಲೆಯಲ್ಲಿದೆ. ಅವರನ್ನು ಕೂರಿಸಿಕೊಂಡು ಆ ನಕ್ಷೆಯನ್ನು ಕಾಗದಕ್ಕೆ ಇಳಿಸುವುದು ಪಂಚಾಯಿತಿ ಮಾಡಬಹುದಾದ ಅತ್ಯಂತ ಅಗ್ಗದ ಕಾಮಗಾರಿ. ಅವರ ಕೈಗೆ ಸ್ಪ್ಯಾನರ್, ಕಾಲರ್, ವಾಷರ್, ಪೈಪ್ ಅಂಟು ಇರುವ ಒಂದು ಪೆಟ್ಟಿಗೆ ಕೊಡಿ. ಇನ್ನೂ ಒಂದು: ಒಂದೊಂದು ಬೋರಿಗೆ ಒಂದೊಂದು ಕಂಪನಿಯ, ಒಂದೊಂದು ಅಶ್ವಶಕ್ತಿಯ ಮೋಟರು ಕೂರಿಸುವ ಬದಲು, ಆಳ ಮತ್ತು ನೀರಿನ ಪ್ರಮಾಣ ಹತ್ತಿರವಿರುವ ಬೋರುಗಳಿಗೆ ಒಂದೇ ಬಗೆಯದನ್ನು ಕೂರಿಸುತ್ತಾ ಬಂದರೆ ಇಡೀ ಪಂಚಾಯಿತಿಗೆ ಒಂದು ಮೀಸಲು ಮೋಟರು ಸಾಕು. ಮೋಟರು ಸುಟ್ಟ ದಿನವೇ ನೀರು ಬರುತ್ತದೆ.

ಬಚ್ಚಲು ನೀರು ಮತ್ತು ಚರಂಡಿ

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡಾ 80 ಭಾಗ ಕೊಳೆ ನೀರಾಗಿ ಹೊರಗೆ ಹೋಗುತ್ತದೆ. ಐದು ಜನರ ಮನೆಯಿಂದ ದಿನಕ್ಕೆ 220 ಲೀಟರ್, ನೂರು ಮನೆಗಳಿಂದ 22,000 ಲೀಟರ್. ಕಾಂಕ್ರೀಟ್ ಚರಂಡಿ ಅದನ್ನು ಊರಂಚಿಗೆ ಸಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಹಿತ್ತಿಲು ಇರುವ ಮನೆಗಳಲ್ಲಿ ಈ ನೀರನ್ನು ನಾಲ್ಕು ಬಾಳೆ, ಒಂದು ತೆಂಗು, ಕರಿಬೇವಿನ ಬುಡಕ್ಕೆ ತಿರುಗಿಸಿದರೆ ಚರಂಡಿಯ ಹೊರೆಯೂ ಇಳಿಯುತ್ತದೆ, ಸೊಳ್ಳೆಯೂ ಕಡಿಮೆಯಾಗುತ್ತದೆ. ಹಿತ್ತಿಲಿಲ್ಲದ ಕಡೆ ಇಂಗುಗುಂಡಿ. ಆದರೆ ಇಲ್ಲಿ ಮಣ್ಣನ್ನು ನೋಡಬೇಕು. ಕೆಂಪು ಮಣ್ಣಿನಲ್ಲಿ ಇಂಗುಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರೆ ಭೂಮಿಯಲ್ಲಿ ಜೇಡಿ ಉಬ್ಬಿ ನೀರು ಇಂಗುವುದೇ ಇಲ್ಲ. ಕೆಲವೇ ತಿಂಗಳಲ್ಲಿ ಗುಂಡಿ ತುಂಬಿ ನಾರುತ್ತದೆ. ರಾಜ್ಯಕ್ಕೆಲ್ಲ ಒಂದೇ ನಮೂನೆಯ ಗುಂಡಿ ಎಂದು ಯಾರಾದರೂ ಹೇಳಿದರೆ ನಿಮ್ಮ ಹೊಲದ ಮಣ್ಣನ್ನು ತೋರಿಸಿ. ಎರೆ ನೆಲದ ಊರುಗಳಲ್ಲಿ ಚರಂಡಿಗೇ ಹಣ ಹಾಕುವುದು ಸರಿ, ಅದರ ಇಳಿಜಾರು ಮತ್ತು ಕೊನೆ ಎಲ್ಲಿ ಎಂಬುದು ಮೊದಲೇ ಗೊತ್ತಾಗಿದ್ದರೆ. ಇಂಗುಗುಂಡಿ ಎಲ್ಲೇ ಇರಲಿ, ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ.

ಕಸದ ವಾಹನಕ್ಕೂ ಇದೇ ವಿವೇಚನೆ ಬೇಕು. ತಿಪ್ಪೆಗುಂಡಿ ಇರುವ ರೈತರ ಮನೆಯಿಂದ ಹಸಿ ಕಸವನ್ನು ಪಂಚಾಯಿತಿ ಡೀಸೆಲ್ ಸುಟ್ಟು ಹೊರುವುದರಲ್ಲಿ ಅರ್ಥವಿಲ್ಲ. ಅದು ನಿಮ್ಮ ಗೊಬ್ಬರ. ಒಣ ಕಸಕ್ಕೆ ವಾರಕ್ಕೆರಡು ಸಲ ಗಾಡಿ ಬಂದರೆ ಸಾಕು. ಕೀಟನಾಶಕದ ಖಾಲಿ ಡಬ್ಬಗಳನ್ನು ಮಾತ್ರ ಅದರಲ್ಲಿ ಬೆರೆಸಬೇಡಿ, ಕಸ ವಿಂಗಡಿಸುವ ಹೆಂಗಸರು ಬರಿಗೈಯಲ್ಲಿ ಮುಟ್ಟುತ್ತಾರೆ.

ಹೊಲದ ದಾರಿ, ಬೀದಿ ದೀಪ

ಹೊಲದ ದಾರಿಯನ್ನು ಕೆಡಿಸುವುದು ಗಾಡಿಗಿಂತ ಹೆಚ್ಚಾಗಿ ನೀರು. ಹಣ ಕಡಿಮೆಯಿದ್ದರೆ ಇಡೀ ದಾರಿಗೆ ತೆಳ್ಳಗೆ ಗರಸು ಹರಡುವ ಬದಲು, ನೀರು ಅಡ್ಡ ಹಾಯುವ ಎರಡು ಮೂರು ಜಾಗಗಳಲ್ಲಿ ಕೊಳವೆ ಮೋರಿ ಹಾಕಿಸಿ, ನಡುವೆ ಉಬ್ಬು, ಎರಡೂ ಬದಿ ಕಾಲುವೆ ಮಾಡಿಸಿ. ಗರಸು ಮುಂದಿನ ವರ್ಷಕ್ಕಿರಲಿ. ತೋಟದ ನೀರನ್ನು ದಾರಿಗೆ ಹರಿಯಬಿಡುವುದು, ಕೇಜ್ ವೀಲ್ ಬಿಚ್ಚದೆ ಟ್ರ್ಯಾಕ್ಟರ್ ಓಡಿಸುವುದು ನಿಂತರೆ ಪಂಚಾಯಿತಿಗೆ ಅಷ್ಟೇ ಉಳಿತಾಯ.

ಬೀದಿ ದೀಪದ ಲೆಕ್ಕ ಸುಲಭ. 20 ವ್ಯಾಟಿನ 150 ದೀಪಗಳು ರಾತ್ರಿ 12 ಗಂಟೆ ಉರಿದರೆ 36 ಯೂನಿಟ್. ಪ್ರತ್ಯೇಕ ತಂತಿ, ಸ್ವಿಚ್ಚು ಇಲ್ಲದೆ ಹಗಲೂ ಉರಿದರೆ ಇನ್ನೊಂದು 36. ವರ್ಷಕ್ಕೆ 13,140 ಯೂನಿಟ್ ಸೂರ್ಯನಿಗೆ ದೀಪ ಹಿಡಿದಂತೆ. ಹೊಸ ದೀಪಕ್ಕೆ ಮೊದಲು ತಂತಿ ಮತ್ತು ಟೈಮರ್ ಪೆಟ್ಟಿಗೆಯನ್ನು ಕೇಳಿ.

ವಾರ್ಡ್ ಸಭೆಗೆ ಹೋಗುವಾಗ

ವಾರ್ಡ್ ಸಭೆ, ಗ್ರಾಮಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮುಂದಿನ ವರ್ಷದ ಯೋಜನೆ ತಯಾರಾಗುವುದು ಸುಗ್ಗಿಯ ಸಮಯದಲ್ಲಿ. ಕೆಲಸ ಬಿಟ್ಟು ಹೋಗುವುದು ಕಷ್ಟವೆಂದು ಎಲ್ಲರೂ ಉಳಿದುಬಿಟ್ಟರೆ ನಾಲ್ವರು ಕುಳಿತು ಬರೆದದ್ದೇ ಯೋಜನೆಯಾಗುತ್ತದೆ. ಹೋಗುವಾಗ ಬೇಡಿಕೆ ಪಟ್ಟಿಗಿಂತ ಅಳತೆಯ ಚೀಟಿ ಕೊಂಡೊಯ್ಯಿರಿ: ಡ್ರಮ್ಮಿನ ನಿಮಿಷ, ತುದಿಯ ನಲ್ಲಿಯ ನಿಮಿಷ, ಸೋರುವ ಜೋಡಣೆಗಳ ಸಂಖ್ಯೆ, ಹಗಲು ಉರಿಯುವ ದೀಪಗಳ ಸಂಖ್ಯೆ. ಈ ಸಂಖ್ಯೆಗಳ ಮುಂದೆ ಯಾವ ಸದಸ್ಯರೂ ಇಲ್ಲವೆನ್ನಲಾರರು.

ಮನೆಗಂದಾಯದ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನೂ ಓದಿಸಿ. ನೀರೇ ಬಾರದಿದ್ದರೆ ಕರ ಏಕೆ ಎಂದು ಜನ ಕೇಳುವುದು ಸಹಜ. ಕರ ಬಾರದೆ ವಾಲ್ವ್ ತರಲು ಹಣವಿಲ್ಲ ಎಂದು ಪಂಚಾಯಿತಿ ಹೇಳುವುದೂ ಸುಳ್ಳಲ್ಲ. ಈ ಗಂಟನ್ನು ಬಿಚ್ಚಲು ಒಂದು ಬೀದಿಯಿಂದ ಪ್ರಾರಂಭಿಸುವುದು ಮೇಲು. ಆ ಬೀದಿಯ ನೀರು ಸರಿಪಡಿಸಿದ ಮರುವಾರವೇ ಬಿಲ್ ಕಲೆಕ್ಟರ್ ಅಲ್ಲಿಗೆ ಹೋಗಲಿ, ಬಂದ ಹಣ ಮುಂದಿನ ಬೀದಿಯ ರಿಪೇರಿಗೆ ಹೋಗಲಿ, ಎರಡನ್ನೂ ಸೂಚನಾ ಫಲಕದಲ್ಲಿ ಬರೆಯಲಿ. ಖರ್ಚಾದ ಹಣ ಮತ್ತು ಮುಗಿದ ಕಾಮಗಾರಿಗಳನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಎದುರು ತಾಳೆ ನೋಡುವ ಜಮಾಬಂದಿಗೆ 2004ರಿಂದಲೇ ನಿಯಮಗಳಿವೆ. ಆ ದಿನ ತಪ್ಪದೆ ಹೋಗಿ, ಅಳತೆ ಪುಸ್ತಕದಲ್ಲಿ ಬರೆದ ಉದ್ದವನ್ನು ಚರಂಡಿಯ ಮೇಲೆ ಟೇಪು ಹಿಡಿದು ನೋಡಿ.

ಮೊದಲ ಡ್ರಮ್ ಪರೀಕ್ಷೆಗೆ ಈ ತಿಂಗಳ ಕೊನೆಯ ಭಾನುವಾರ ಆಗಬಹುದು. ನೀರುಗಂಟಿಗೆ ಹಿಂದಿನ ದಿನವೇ ತಿಳಿಸಿ, ಬೋರಿನ ಬಳಿ ಪೈಪ್ ಬಿಚ್ಚಲು ಸ್ಪ್ಯಾನರ್ ಮತ್ತು ಬರೆಯಲು ಸುಣ್ಣವನ್ನೋ ಬಣ್ಣವನ್ನೋ ಜೊತೆಗಿಟ್ಟುಕೊಳ್ಳಿ.